ಲೆಡನ್‌ಹಾಲ್ ಬೀದಿಯಿಂದ ಅಂಕೋಲೆಯ ಕಡಲತಡಿಗೆ

ಕಳೆದ ಚಳಿಗಾಲದ ಒಂದು ಭಾನುವಾರ ಸಂಜೆ ನನ್ನ ಮಗಳು ಊಟದ ಮೇಜಿನ ಮೇಲೆ ಇತಿಹಾಸದ ಹೋಂವರ್ಕ್ ಹರಡಿಕೊಂಡು ಕುಳಿತಿದ್ದಳು. ಹಾಳೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದಿದ್ದಳು. ಎಡಗಡೆ ಬ್ರಿಟಿಷ್ ಸಾಮ್ರಾಜ್ಯದಿಂದ ಆದ ಲಾಭ, ಬಲಗಡೆ ಆದ ನಷ್ಟ. ಎಡಗಡೆ ರೈಲು, ಶಾಲೆ, ನ್ಯಾಯಾಲಯ, ಆಸ್ಪತ್ರೆ ಎಂದು ಬರೆದಾಗಿತ್ತು. ಬಲಗಡೆ ಪೆನ್ಸಿಲ್ ನಿಂತುಬಿಟ್ಟಿತ್ತು. "ಅಮ್ಮಾ, ಇಷ್ಟೆಲ್ಲ ಕೊಟ್ಟ ಮೇಲೂ ನಮ್ಮವರು ಯಾಕೆ ಜಗಳಕ್ಕೆ ನಿಂತರು?" ಎಂದು ಕೇಳಿದಳು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎರಡನೆಯ ಪ್ರಶ್ನೆಯೂ ಬಂತು: "ಅಷ್ಟು ಜಗಳ ಆಡಿ ಅವರನ್ನು ಕಳಿಸಿದ ಮೇಲೆ ನಾವು ಇಲ್ಲಿಗೆ ಯಾಕೆ ಬಂದೆವು?"

ಇಪ್ಪತ್ತು ವರ್ಷ ವೈದ್ಯವೃತ್ತಿ ಮಾಡಿದ್ದೇನೆ. ರೋಗಿ ಕೇಳುವ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟು ರೂಢಿ. ಮಗಳ ಪ್ರಶ್ನೆಗೆ ಮಾತ್ರ ಉತ್ತರ ಸಿಗಲಿಲ್ಲ. ನೆನಪಾದದ್ದು ನನ್ನ ಅಜ್ಜಿ ಹೇಳುತ್ತಿದ್ದ ಒಂದು ಹಂಡೆಯ ಕಥೆ. ಆ ಕಥೆಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ಮೊದಲು, ಒಂದು ವಸಾಹತಿನ ಜನ ಸಾಮ್ರಾಜ್ಯದ ವಿರುದ್ಧ ಏಳುವುದು ಹೇಗೆ ಎಂಬುದನ್ನು ನಮ್ಮ ಕನ್ನಡ ನಾಡಿನ ಮತ್ತು ನಾವು ಬದುಕುತ್ತಿರುವ ಈ ಲಂಡನ್ ಮಹಾನಗರದ ಉದಾಹರಣೆಗಳಿಂದಲೇ ನೋಡೋಣ. ನಮ್ಮ ಮಕ್ಕಳಿಗೆ ಟ್ಯೂಡರ್ ಅರಸರ ಹೆಸರುಗಳು ಬಾಯಿಪಾಠ. ತಮ್ಮ ಮುತ್ತಜ್ಜಂದಿರು ಏನು ಕೇಳಿದರು, ಏನು ಕಳೆದುಕೊಂಡರು ಎಂಬುದನ್ನು ಹೇಳಬೇಕಾದವರು ನಾವೇ.

ಕಥೆ ಶುರುವಾಗುವುದು ನಮ್ಮಲ್ಲಿ ಹಲವರು ಕೆಲಸಕ್ಕೆ ಹೋಗಿಬರುವ ಸಿಟಿಯ ಲೆಡನ್‌ಹಾಲ್ ಬೀದಿಯಿಂದ. ಇಂದು ಕೊಳವೆಗಳನ್ನೆಲ್ಲ ಹೊರಗೆ ಹಾಕಿಕೊಂಡು ನಿಂತಿರುವ ಲಾಯ್ಡ್ಸ್ ಕಟ್ಟಡವಿರುವ ಜಾಗದಲ್ಲಿ ಒಂದು ಕಾಲಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಕೇಂದ್ರ ಕಚೇರಿ ಇತ್ತು. ಆ ಕಂಪನಿಯ ಗೋದಾಮುಗಳಲ್ಲಿ ಚಹಾ ಮಾರಾಟವಾಗದೆ ರಾಶಿಬಿದ್ದಾಗ ಅದನ್ನು ಉಳಿಸಲು ಪಾರ್ಲಿಮೆಂಟು 1773ರಲ್ಲಿ ಚಹಾ ಕಾಯಿದೆ ಮಾಡಿತು. ಅಮೆರಿಕದ ವಸಾಹತುಗಳ ಜನ ತಾವು ಪ್ರತಿನಿಧಿಗಳನ್ನೇ ಕಳಿಸದ ಪಾರ್ಲಿಮೆಂಟಿಗೆ ತೆರಿಗೆ ಯಾಕೆ ಕೊಡಬೇಕೆಂದು ಕೇಳಿದರು. ಆ ವರ್ಷ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಕಂಪನಿಯ 342 ಪೆಟ್ಟಿಗೆ ಚಹಾ ಸಮುದ್ರ ಸೇರಿತು. ಮೂರು ವರ್ಷಕ್ಕೆ ಸ್ವಾತಂತ್ರ್ಯ ಘೋಷಣೆಯಾಯಿತು.

ಈ ಅಮೆರಿಕದ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾಲಿದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. 1782ರಲ್ಲಿ ಪೆನ್ಸಿಲ್ವೇನಿಯಾದವರು ಸಜ್ಜುಗೊಳಿಸಿದ ಒಂದು ಯುದ್ಧನೌಕೆಗೆ ಇಟ್ಟ ಹೆಸರು 'ಹೈದರ್ ಅಲಿ'. ಅದು ತನಗಿಂತ ಬಲವಾಗಿದ್ದ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಏಪ್ರಿಲ್ ತಿಂಗಳಲ್ಲಿ ಸೆರೆಹಿಡಿಯಿತು. ಶ್ರೀರಂಗಪಟ್ಟಣದ ಒಬ್ಬ ದೊರೆ ಬ್ರಿಟಿಷರನ್ನು ಎದುರಿಸಿ ನಿಂತ ಸುದ್ದಿ ಅಷ್ಟು ದೂರ ತಲುಪಿತ್ತು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸನೇ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1792ರಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಒತ್ತೆಯಾಗಿ ಇಬ್ಬರು ಗಂಡುಮಕ್ಕಳನ್ನು ಪಡೆದುಕೊಂಡ. ಒಂದು ಕಡೆ ಕಳೆದುಕೊಂಡದ್ದನ್ನು ಸಾಮ್ರಾಜ್ಯ ಇನ್ನೊಂದು ಕಡೆ ತುಂಬಿಕೊಂಡಿತು. ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ನಮ್ಮ ಮಕ್ಕಳು ಬೆರಗಿನಿಂದ ನೋಡುವ ಟಿಪ್ಪುವಿನ ಹುಲಿ 1799ರ ಲೂಟಿಯಲ್ಲಿ ಸಿಕ್ಕಿದ್ದು. ಮೊದಲು ಅದನ್ನು ಜನರಿಗೆ ತೋರಿಸಲು ಇಟ್ಟದ್ದು ಇದೇ ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಯಲ್ಲಿ.

ಟಿಪ್ಪು ಮಡಿದ ಮೇಲೆ ಮೈಸೂರನ್ನು ಒಡೆಯರ ವಂಶಕ್ಕೆ ಕೊಟ್ಟರು. ಆದರೆ ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ ಕಪ್ಪ ಕೊಡಬೇಕೆಂದು ಒಪ್ಪಂದದಲ್ಲಿ ಬರೆಸಿಕೊಂಡರು. ಆ ಹಣ ಹುಟ್ಟಬೇಕಾದದ್ದು ರೈತನ ಹೊಲದಿಂದಲೇ ತಾನೆ? 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲವೆಂದರು. ಅದನ್ನೇ ನೆಪ ಮಾಡಿ 1831ರಲ್ಲಿ ಇಡೀ ಮೈಸೂರಿನ ಆಡಳಿತವನ್ನು ಬ್ರಿಟಿಷರು ಕೈಗೆ ತೆಗೆದುಕೊಂಡರು. ಅರಸರಿಗೆ ಅದು ಮರಳಿ ಸಿಕ್ಕಿದ್ದು ಐವತ್ತು ವರ್ಷಗಳ ನಂತರ, 1881ರಲ್ಲಿ. ಆಗ ಕಪ್ಪದ ಮೊತ್ತವನ್ನು 35 ಲಕ್ಷಕ್ಕೆ ಏರಿಸಲಾಗಿತ್ತು.

ಕಿತ್ತೂರಿನ ಕಥೆ ನಮಗೆಲ್ಲ ಗೊತ್ತು. ಆದರೆ ನಾವು ಕತ್ತಿ ಹಿಡಿದ ರಾಣಿಯ ಚಿತ್ರವನ್ನಷ್ಟೇ ನೆನಪಿಟ್ಟುಕೊಂಡು, ಜಗಳ ಯಾವುದಕ್ಕೆಂದು ಮರೆಯುತ್ತೇವೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮೊದಲು ದತ್ತು ತೆಗೆದುಕೊಂಡಿದ್ದ. ಆ ದತ್ತು ಸಲ್ಲುವುದೋ ಇಲ್ಲವೋ ಎಂದು ತೀರ್ಮಾನಿಸಲು ಹೊರಟವನು ಧಾರವಾಡದಲ್ಲಿ ಕುಳಿತ ಕಲೆಕ್ಟರ್ ಥ್ಯಾಕರೆ. ಒಂದು ಮನೆತನದ ಮಗ ಯಾರು ಎಂಬುದನ್ನು ಆ ಮನೆಯವರು ಹೇಳಬೇಕೋ, ಊರಾಚೆಯ ಅಧಿಕಾರಿ ಹೇಳಬೇಕೋ? ಖಜಾನೆಗೆ ಬೀಗ ಹಾಕಿ ಕಾವಲಿಟ್ಟಾಗ ಚೆನ್ನಮ್ಮ ಉತ್ತರ ಕೊಟ್ಟಳು. ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನ ಕೋಟೆಯೆದುರು ಸತ್ತ. ಈತ ಪ್ರಸಿದ್ಧ ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅವಳ ಹೆಸರಿನಲ್ಲಿ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನನ್ನು ಹಿಡಿದುಕೊಟ್ಟವರೂ ನಮ್ಮವರೇ ಎಂಬುದನ್ನು ಮಕ್ಕಳಿಂದ ಮುಚ್ಚಿಡಬಾರದು.

ಕಿತ್ತೂರಿನ ಕಾಳಗದಲ್ಲಿ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ತರುಣ ವಾಲ್ಟರ್ ಎಲಿಯಟ್. ರಾಣಿಯ ಕಡೆಯವರು ಅವನನ್ನು ಕೊಲ್ಲಲಿಲ್ಲ. ಆತ ಮುಂದೆ ಊರೂರು ಅಲೆದು 595 ಕನ್ನಡ ನಾಡಿನ ಶಾಸನಗಳ ಪ್ರತಿ ಮಾಡಿಸಿ ಸಂಗ್ರಹಿಸಿದ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಅಮರಾವತಿಯ ಶಿಲ್ಪಗಳನ್ನು ಅಗೆಸಿ ತೆಗೆಸಿದವನೂ ಅವನೇ. ಚಾಲುಕ್ಯರ, ರಾಷ್ಟ್ರಕೂಟರ ಇತಿಹಾಸವನ್ನು ನಾವು ಓದುವಂತಾದದ್ದರಲ್ಲಿ ಅವನ ಶ್ರಮವೂ ಇದೆ. ಇತಿಹಾಸ ಎಂಬುದು ನನ್ನ ಮಗಳ ಹಾಳೆಯ ಗೆರೆಯಂತೆ ನೆಟ್ಟಗೆ ಎರಡು ಪಾಲಾಗುವುದಿಲ್ಲ.

ಕಿತ್ತೂರಿನ ನಂತರವೂ ಒಂದಾದ ಮೇಲೊಂದು ದಂಗೆ ನಡೆದವು. 1837ರಲ್ಲಿ ಅಮರ ಸುಳ್ಯದ ರೈತರು ದಂಡುಕಟ್ಟಿ ಮಂಗಳೂರಿನವರೆಗೆ ಹೋಗಿ ಊರನ್ನೇ ಸುಮಾರು ಎರಡು ವಾರ ಹಿಡಿದಿಟ್ಟುಕೊಂಡರು. ಧಾನ್ಯದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದು ಹಣದಲ್ಲೇ ಕಟ್ಟಬೇಕೆಂಬ ಹೊಸ ಆಜ್ಞೆ ಅದರ ಒಂದು ಮುಖ್ಯ ಕಾರಣ. 1857ರಲ್ಲಿ ಮುಧೋಳದ ಬಳಿಯ ಹಲಗಲಿಯ ಬೇಡರಿಗೆ ಆಯುಧಗಳನ್ನೆಲ್ಲ ಸರಕಾರಕ್ಕೆ ಒಪ್ಪಿಸಬೇಕೆಂಬ ಕಾಯಿದೆ ಬಂತು. ಬೇಟೆಯೇ ಬದುಕಾದವರಿಗೆ ಆಯುಧವೆಂದರೆ ಅನ್ನ, ಆಯುಧವೆಂದರೆ ಮಾನ. ಕೊಡುವುದಿಲ್ಲ ಎಂದರು. ಸೈನ್ಯ ರಾತ್ರಿ ಬಂದು ಊರಿಗೆ ಬೆಂಕಿಯಿಟ್ಟಿತು, ಉಳಿದ ಮುಂದಾಳುಗಳನ್ನು ನೇಣಿಗೇರಿಸಿತು.

ಈ ಹಲಗಲಿಯ ಬೇಡರ ಲಾವಣಿಯನ್ನು ಜನರ ಬಾಯಿಂದ ಬರೆದುಕೊಂಡು ಅಚ್ಚುಮಾಡಿಸಿದವನು ಜೆ. ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ಸರಕಾರ ಯಾರನ್ನು ಗಲ್ಲಿಗೇರಿಸಿತೋ ಅವರ ಹಾಡನ್ನು ಸರಕಾರದ ನೌಕರನೇ ಉಳಿಸಿದ. ನಿವೃತ್ತನಾದ ಮೇಲೆ ಆತ ನೆಲೆಸಿದ್ದು ನಮ್ಮ ಈಲಿಂಗ್‌ನಲ್ಲಿ. 1917ರಲ್ಲಿ ಅಲ್ಲಿಯೇ ತೀರಿಕೊಂಡ. ಈಲಿಂಗ್‌ನ ಕನ್ನಡ ಮನೆಗಳವರು ಇದನ್ನು ನೆನಪಿಡಬೇಕು.

ಇಷ್ಟೆಲ್ಲ ದಂಗೆಗಳು ಯಾಕೆ ಸೋತವು? ಶೌರ್ಯದ ಕೊರತೆಯಿಂದಲ್ಲ. ಕಿತ್ತೂರಿನ ನೋವು ಸುಳ್ಯಕ್ಕೆ ಗೊತ್ತಿರಲಿಲ್ಲ, ಸುಳ್ಯದ ನೋವು ಹಲಗಲಿಗೆ ಗೊತ್ತಿರಲಿಲ್ಲ. ಕನ್ನಡ ಮಾತಾಡುವ ಜನ ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ನಿಜಾಮನ ರಾಜ್ಯ, ಮೈಸೂರು, ಕೊಡಗು ಮತ್ತು ಹಲವು ಚಿಕ್ಕಪುಟ್ಟ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿದ್ದರು. ಪ್ರತಿಯೊಬ್ಬನೂ ತನ್ನ ಊರಿನ ಗಾಯವನ್ನು ತಾನೇ ನೆಕ್ಕಿಕೊಂಡ. ವೈದ್ಯರ ಭಾಷೆಯಲ್ಲಿ ಹೇಳುವುದಾದರೆ ಎಲ್ಲರೂ ಲಕ್ಷಣಕ್ಕೆ ಮದ್ದು ಅರೆಯುತ್ತಿದ್ದರು. ರೋಗ ಒಂದೇ ಎಂದು ಗುರುತಿಸಿ ಹೇಳುವವರು ಬೇಕಾಗಿತ್ತು. ಆ ರೋಗನಿದಾನ ನಡೆದದ್ದು ವಿಚಿತ್ರವೆಂಬಂತೆ ಲಂಡನ್ನಿನಲ್ಲೇ.

ದಾದಾಭಾಯಿ ನವರೋಜಿ ವ್ಯಾಪಾರದ ಸಲುವಾಗಿ 1855ರಲ್ಲಿ ಇಂಗ್ಲೆಂಡಿಗೆ ಬಂದವರು. ಸರಕಾರವೇ ಪ್ರಕಟಿಸಿದ ಲೆಕ್ಕದ ಪುಸ್ತಕಗಳನ್ನು ಅವರು ಹಟ ಹಿಡಿದು ಓದಿದರು. ಭಾರತದ ತೆರಿಗೆಯ ಹಣದಲ್ಲಿ ದೊಡ್ಡ ಪಾಲು ಪ್ರತಿವರ್ಷ ಲಂಡನ್ನಿಗೆ ಹರಿದುಬರುತ್ತಿತ್ತು. ಇಲ್ಲಿಗೆ ಮರಳಿದ ಅಧಿಕಾರಿಗಳ ಪಿಂಚಣಿ, ಸೈನ್ಯದ ಖರ್ಚು, ಸಾಲದ ಬಡ್ಡಿ, ವೈಟ್‌ಹಾಲ್‌ನ ಇಂಡಿಯಾ ಆಫೀಸಿನ ವೆಚ್ಚ, ಎಲ್ಲವೂ ಭಾರತದ ರೈತನ ಲೆಕ್ಕಕ್ಕೇ. 1867ರಲ್ಲಿ ಟರ್ಕಿಯ ಸುಲ್ತಾನ ಲಂಡನ್ನಿಗೆ ಬಂದಾಗ ಇಂಡಿಯಾ ಆಫೀಸಿನಲ್ಲಿ ನಡೆದ ಭರ್ಜರಿ ಸಂತೋಷಕೂಟದ ಬಿಲ್ಲನ್ನೂ ಭಾರತದ ಬೊಕ್ಕಸಕ್ಕೇ ಕಳಿಸಿದರು! ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಹೀಗೆ ಹೋಗುತ್ತಿದ್ದ ಮೊತ್ತ ವರ್ಷಕ್ಕೆ ಸುಮಾರು 1 ಕೋಟಿ 70 ಲಕ್ಷ ಪೌಂಡ್. ರಕ್ತಸ್ರಾವ ನಿಲ್ಲದೆ ರೋಗಿ ಚೇತರಿಸಿಕೊಳ್ಳುವುದಿಲ್ಲ ಎಂಬುದು ನವರೋಜಿಯವರ ವಾದದ ತಿರುಳು.

ಮಗಳ ಹಾಳೆಯ ಎಡಗಡೆಯ ರೈಲಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಮೊದಲ ರೈಲು ಕಂಪನಿಗಳ ಪಾಲುದಾರರಿಗೆ ನೂರಕ್ಕೆ 5ರಂತೆ ಆದಾಯದ ಖಾತರಿ ಕೊಡಲಾಗಿತ್ತು. ರೈಲು ಲಾಭ ಮಾಡದಿದ್ದರೆ ಆ ಹಣವನ್ನು ತುಂಬಿಕೊಡುತ್ತಿದ್ದುದು ಭಾರತದ ತೆರಿಗೆ. ರೈಲು ಬಂದದ್ದು ನಿಜ, ಅದರಿಂದ ಉಪಕಾರವಾದದ್ದೂ ನಿಜ. ಆದರೆ ಅದನ್ನು ದಾನ ಎನ್ನಲಾಗದು. ಬೆಲೆ ತೆತ್ತು, ಬಡ್ಡಿಯನ್ನೂ ತೆತ್ತು ಕೊಂಡದ್ದು.

ಇದು ಬರೀ ಅಂಕಿಅಂಶದ ಮಾತಲ್ಲ. 1876ರಿಂದ 1878ರವರೆಗಿನ ದೊಡ್ಡ ಬರಗಾಲದಲ್ಲಿ ಮೈಸೂರು ನೇರವಾಗಿ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಹೆಚ್ಚಬೇಕಾದ ಜನ ಕಡಿಮೆಯಾದರು. ಆ ಬರದ ನಡುವೆಯೇ, 1877ರ ಜನವರಿ 1ರಂದು, ದೆಹಲಿಯಲ್ಲಿ ದರ್ಬಾರು ಸೇರಿಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದರು. ಒಂದು ವಾರ್ಡಿನಲ್ಲಿ ಒಬ್ಬ ರೋಗಿ ಸತ್ತರೂ ಕಾರಣ ಬರೆದಿಡುವ ಕಸುಬು ನನ್ನದು. ಈ ಎರಡು ಜನಗಣತಿಗಳ ಅಂಕಿಯನ್ನು ಪಕ್ಕಪಕ್ಕದಲ್ಲಿ ಮೊದಲ ಬಾರಿ ನೋಡಿದ ದಿನ ನನಗೆ ಊಟ ಸೇರಲಿಲ್ಲ.

ನವರೋಜಿ ಪಾರ್ಲಿಮೆಂಟಿಗೆ ಸ್ಪರ್ಧಿಸಿದಾಗ ಪ್ರಧಾನಿ ಸಾಲ್ಸ್‌ಬರಿ 1888ರಲ್ಲಿ ಅವರ ಮೈಬಣ್ಣವನ್ನು ಎತ್ತಿ ಆಡಿ, ಇಂಗ್ಲಿಷ್ ಮತದಾರರು ಅಂಥವನನ್ನು ಆರಿಸಲಾರರು ಎಂದ. 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿಯ ಮತದಾರರು ಅವರನ್ನು ಆರಿಸಿಯೇ ಬಿಟ್ಟರು. ಅಂತರ ಬೆರಳೆಣಿಕೆಯ ಮತಗಳದ್ದು. ಪೆಂಜ್ ಬಳಿಯ ಅನರ್ಲಿ ಪಾರ್ಕಿನಲ್ಲಿ ಅವರಿದ್ದ ಮನೆಗೆ 2022ರಲ್ಲಿ ನೀಲಿ ಫಲಕ ಹಾಕಿದ್ದಾರೆ. ಅವರ ಜೊತೆ ನಿಂತ ವೆಡರ್‌ಬರ್ನ್, ನಂತರದ ಪೀಳಿಗೆಯ ಫೆನ್ನರ್ ಬ್ರಾಕ್‌ವೇ ಮುಂತಾದ ಬ್ರಿಟಿಷರನ್ನೂ ನಮ್ಮ ಮಕ್ಕಳಿಗೆ ಪರಿಚಯಿಸಬೇಕು. ಜಗಳ ಒಂದು ವ್ಯವಸ್ಥೆಯೊಂದಿಗೆ ಇತ್ತು, ಒಂದು ಜನಾಂಗದೊಂದಿಗೆ ಅಲ್ಲ.

ರೋಗ ಗೊತ್ತಾದ ಮೇಲೆ ಚಿಕಿತ್ಸೆಗೆ ಸಂಘಟನೆ ಬೇಕು. ಇಲ್ಲಿ ನನಗೆ ನನ್ನ ವೃತ್ತಿಯವರೇ ಆದ ಡಾ. ನಾ. ಸು. ಹರ್ಡೀಕರರ ನೆನಪಾಗುತ್ತದೆ. ಬಿಜಾಪುರ ಜಿಲ್ಲೆಯ ತಿಡಗುಂದಿಯಲ್ಲಿ 1889ರಲ್ಲಿ ಹುಟ್ಟಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರ ಓದಿದವರು. ಅಲ್ಲಿ ಲಾಲಾ ಲಜಪತರಾಯರೊಡನೆ ಭಾರತದ ಸ್ವರಾಜ್ಯಕ್ಕಾಗಿ ದುಡಿದು 1921ರಲ್ಲಿ ತಾಯ್ನಾಡಿಗೆ ಮರಳಿದರು. ಅವರು 1923ರಲ್ಲಿ ಕಟ್ಟಿದ ಹಿಂದೂಸ್ಥಾನಿ ಸೇವಾದಳದ ಕೇಂದ್ರ ಹುಬ್ಬಳ್ಳಿ. ಶಿಸ್ತು, ಕವಾಯತು, ಸ್ವಚ್ಛತೆ, ಪ್ರಥಮ ಚಿಕಿತ್ಸೆ ಇವುಗಳಲ್ಲಿ ಸಾವಿರಾರು ತರುಣರನ್ನು ಅದು ಪಳಗಿಸಿತು. ನಾನು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದ ಅಷ್ಟೂ ವರ್ಷ ಅವರ ಹೆಸರನ್ನು ಸರಿಯಾಗಿ ಕೇಳಿರಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅದೇ ಹೊತ್ತಿಗೆ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಓದುತ್ತಿದ್ದರು. ಆಗ ಆ ಕಾಲೇಜು ರೀಜೆಂಟ್ಸ್ ಪಾರ್ಕಿನಲ್ಲಿತ್ತು. ಗಾಂಧೀಜಿಯ ಅಸಹಕಾರದ ಸುದ್ದಿ ಕೇಳಿ ಊರಿಗೆ ಮರಳಿ ಅವರು ಸೇರಿದ್ದು ಸೇವಾದಳವನ್ನೇ. ಮಹಿಳೆಯರನ್ನು ತರಬೇತುಗೊಳಿಸುವ ಹೊಣೆ ಹೊತ್ತರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನು ಕರೆಯದಿದ್ದಾಗ ಗಾಂಧೀಜಿಯವರ ಬಳಿಯೇ ಹೋಗಿ ವಾದಿಸಿ ಒಪ್ಪಿಸಿದರು. ನಮ್ಮಂತೆ ಓದಲು ಬಂದು ರೀಜೆಂಟ್ಸ್ ಪಾರ್ಕಿನಲ್ಲಿ ಅಡ್ಡಾಡಿದ ಒಬ್ಬ ಕನ್ನಡ ನಾಡಿನ ಹೆಣ್ಣುಮಗಳು ಹಿಂದಿರುಗಿ ಮಾಡಿದ ಕೆಲಸವಿದು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರು. ಅವರು ತಮ್ಮ ಜೀವಮಾನದಲ್ಲಿ ಅಧ್ಯಕ್ಷತೆ ವಹಿಸಿದ್ದು ಅದೊಂದೇ ಅಧಿವೇಶನ. ಗಂಗಾಧರರಾವ್ ದೇಶಪಾಂಡೆಯವರ ಸಾರಥ್ಯ, ಹರ್ಡೀಕರರ ಸ್ವಯಂಸೇವಕರ ದುಡಿಮೆ. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಅಲ್ಲಿ ಮೊಳಗಿದಾಗ ಸ್ವರಾಜ್ಯದ ಆಸೆಯೂ ಕರ್ನಾಟಕ ಏಕೀಕರಣದ ಆಸೆಯೂ ಒಂದೇ ಉಸಿರಿನಲ್ಲಿ ಬಂದವು. ಆ ಎರಡನೆಯ ಆಸೆ ಕೈಗೂಡಿದ್ದು 1956ರ ನವೆಂಬರ್ 1ರಂದು. ಹರಿದು ಹಂಚಿಹೋಗಿದ್ದ ಜನ ತಮ್ಮ ಭಾಷೆಯಲ್ಲಿ ಸಭೆ ಸೇರಲು, ತಮ್ಮ ಭಾಷೆಯಲ್ಲಿ ಪತ್ರಿಕೆ ಓದಲು ಕಲಿತ ಮೇಲೆ ಕಿತ್ತೂರಿನ ನೋವು ಸುಳ್ಯದ ನೋವೂ ಆಯಿತು.

ಇನ್ನು ಹಂಡೆಯ ಕಥೆ. ನನ್ನ ಅಜ್ಜಿಯ ತವರು ಉತ್ತರ ಕನ್ನಡದ ಸಿದ್ದಾಪುರ ಸೀಮೆ. ಅಡಿಕೆ ತೋಟದ ಮನೆ. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲತಡಿಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಜನಸಾಗರವೇ ಸೇರಿ ಉಪ್ಪಿನ ಕಾನೂನು ಮುರಿಯಿತು. ಗಂಜಿಗೆ ಹಾಕುವ ಉಪ್ಪಿಗೂ ತೆರಿಗೆ ಎಂದರೆ ಏನೆಂದು ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ. ನವರೋಜಿಯವರ ಐವತ್ತು ವರ್ಷದ ಲೆಕ್ಕವನ್ನು ಗಾಂಧೀಜಿ ಒಂದು ಚಿಟಿಕೆ ಉಪ್ಪಿನಲ್ಲಿ ಹೇಳಿಬಿಟ್ಟರು. ಅದರ ಬೆನ್ನಿಗೇ ಅಂಕೋಲೆ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ಶುರುವಾಯಿತು. ಸರಕಾರ ಸುಮ್ಮನಿರಲಿಲ್ಲ. ಗದ್ದೆ, ತೋಟ, ದನಕರು, ಪಾತ್ರೆಪಗಡಿ ಎಲ್ಲ ಜಪ್ತಿಯಾಗಿ ಹರಾಜಿಗೆ ಬಂದವು.

1932ರಲ್ಲಿ ಅಜ್ಜಿಗೆ ಹತ್ತು ವರ್ಷ. ಒಂದು ಬೆಳಿಗ್ಗೆ ಜಪ್ತಿಯವರು ಬಂದು ಬಚ್ಚಲ ಒಲೆಯ ಮೇಲಿದ್ದ ತಾಮ್ರದ ಹಂಡೆಯನ್ನು, ಅದರಲ್ಲಿದ್ದ ಬಿಸಿನೀರು ಚೆಲ್ಲಿ, ಹೊತ್ತುಕೊಂಡು ಹೋದರಂತೆ. ಅವಳಪ್ಪ ತಡೆಯಲಿಲ್ಲ, ಕೂಗಾಡಲಿಲ್ಲ. ಜಗುಲಿಯ ಕಂಬ ಹಿಡಿದು ನಿಂತಿದ್ದರಂತೆ. ಕಂದಾಯದ ಹಣ ಮನೆಯಲ್ಲಿ ಇರಲಿಲ್ಲವೇ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. "ಇತ್ತು ಮಗಾ. ಕೊಡೂದಿಲ್ಲ ಅಂತ ಮಾತು ಕೊಟ್ಟಿದ್ರು" ಎಂದಳು ಅಜ್ಜಿ. ಊರಿನಲ್ಲಿ ಕಡಿಮೆ ಬೆಲೆಗೆ ಹರಾಜಿನ ಸೊತ್ತು ಕೊಂಡವರೂ ಇದ್ದರು. ಅಂಥವರ ಮನೆಯೆದುರು ಹೆಂಗಸರು ಉಪವಾಸ ಕುಳಿತ ಮಾವಿನಗುಂಡಿಯ ಸತ್ಯಾಗ್ರಹ ಆ ಸೀಮೆಯಲ್ಲಿ ಇಂದಿಗೂ ಮನೆಮಾತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಹರಾಜಾದ ಜಮೀನುಗಳನ್ನು ಮೂಲ ಒಡೆಯರಿಗೆ ಮರಳಿಸುವ ಕೆಲಸ ನಡೆಯಿತು. ತೋಟ ಬಂತು. ಹಂಡೆ ಬರಲಿಲ್ಲ. ಎಪ್ಪತ್ತು ವರ್ಷದ ಮೇಲೂ ಬಚ್ಚಲ ಒಲೆಗೆ ಬೆಂಕಿ ಹಾಕುವಾಗ ಅಜ್ಜಿ ಆ ಹಂಡೆಯನ್ನು ನೆನೆಯುತ್ತಿದ್ದಳು.

ಆ ಹಂಡೆ ಹೋದ ಹೊತ್ತಿಗೆ ಸ್ವಲ್ಪ ಮುಂಚೆ, 1931ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಬಂದಿದ್ದರು. ಉಳಿದದ್ದು ಯಾವ ಹೋಟೆಲಿನಲ್ಲೂ ಅಲ್ಲ, ಬೋ ಬಡಾವಣೆಯ ಬಡವರ ನಡುವಿನ ಕಿಂಗ್ಸ್‌ಲಿ ಹಾಲ್‌ನಲ್ಲಿ. ಪರಿಷತ್ತಿನಲ್ಲಿ ಮೈಸೂರಿನ ಪ್ರತಿನಿಧಿ ದಿವಾನ್ ಮಿರ್ಜಾ ಇಸ್ಮಾಯಿಲ್. ಒಂದೇ ಮೇಜಿನ ಸುತ್ತ ಪ್ರಜೆಗಳ ಪರವಾಗಿ ಒಬ್ಬರು, ಸಂಸ್ಥಾನದ ಪರವಾಗಿ ಇನ್ನೊಬ್ಬರು. ಮಾತುಕತೆ ಫಲಿಸಲಿಲ್ಲ. ಇಂದು ಗಾಂಧೀಜಿಯ ವಿಗ್ರಹ 2015ರಿಂದ ಪಾರ್ಲಿಮೆಂಟಿನ ಎದುರಿನ ಚೌಕದಲ್ಲಿದೆ. ಅದೇ ವರ್ಷದಿಂದ ಥೇಮ್ಸ್ ನದಿಯ ಆಚೆ ದಡದಲ್ಲಿ ನಮ್ಮ ಬಸವಣ್ಣನವರೂ ನಿಂತಿದ್ದಾರೆ.

ಮೈಸೂರು ಸಂಸ್ಥಾನದ ಕಥೆ ಇನ್ನೂ ತೊಡಕಿನದು. ಅಲ್ಲಿ ಜನ ಪ್ರೀತಿಸುತ್ತಿದ್ದ ಅರಸರಿದ್ದರು, ಕನ್ನಂಬಾಡಿ ಕಟ್ಟೆ ಇತ್ತು, ಶಾಲೆಗಳಿದ್ದವು. ಆದರೂ ನಮ್ಮ ಸರಕಾರ ನಮಗೆ ಜವಾಬ್ದಾರವಾಗಿರಬೇಕು ಎಂಬ ಮಾತು ಎದ್ದಿತು. 1938ರ ಏಪ್ರಿಲ್‌ನಲ್ಲಿ ಮಂಡ್ಯ ಜಿಲ್ಲೆಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಜಾತ್ರೆಯ ಜನದ ಮೇಲೆ ಪೊಲೀಸರು ಗುಂಡು ಹಾರಿಸಿದರು. 1942ರಲ್ಲಿ ಶಿಕಾರಿಪುರ ತಾಲೂಕಿನ ಈಸೂರು ತಾನು ಸ್ವತಂತ್ರ ಎಂದು ಸಾರಿ, ಹುಡುಗರಲ್ಲೇ ಒಬ್ಬನನ್ನು ಅಮಲ್ದಾರ, ಇನ್ನೊಬ್ಬನನ್ನು ಸಬ್‌ಇನ್‌ಸ್ಪೆಕ್ಟರ್ ಮಾಡಿತು. ನಂತರ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರ ಮತ್ತು ಸಬ್‌ಇನ್‌ಸ್ಪೆಕ್ಟರ್ ಸತ್ತರು. ಅವರೂ ಕನ್ನಡಿಗರೇ. 1943ರ ಮಾರ್ಚ್‌ನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಲಾಯಿತು. ಇಂಥ ಕಡೆ ಬರೀ ಜಯಕಾರ ಕೂಗಿ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಎರಡೂ ಕಡೆ ಮನೆಗಳಲ್ಲಿ ಒಲೆ ಆರಿದ್ದು ನಿಜ.

ಕೊನೆಗೆ ಸಾಮ್ರಾಜ್ಯ ಹೋದದ್ದು ಯಾಕೆ? ಕಾರಣ ಒಂದೇ ಅಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ ದಣಿದಿತ್ತು. ಹಳೆಯ ಲೆಕ್ಕವೂ ತಿರುವುಮುರುವಾಗಿತ್ತು. ಯುದ್ಧದ ಸಾಮಗ್ರಿಗೆಂದು ಪಡೆದ ಸಾಲದಿಂದಾಗಿ ಈಗ ಲಂಡನ್ನೇ ಭಾರತಕ್ಕೆ ನೂರು ಕೋಟಿ ಪೌಂಡಿಗೂ ಹೆಚ್ಚು ಕೊಡಬೇಕಾಗಿತ್ತು. 1946ರ ಫೆಬ್ರವರಿಯಲ್ಲಿ ನೌಕಾಪಡೆಯ ನಾವಿಕರೇ ದಂಗೆ ಎದ್ದರು. ಆಳಲು ಬೇಕಾದ ಸಿಪಾಯಿ, ಗುಮಾಸ್ತ, ಶಾನುಭೋಗ ಎಲ್ಲರೂ ಭಾರತೀಯರೇ. ಅವರು ಒಪ್ಪಿದಷ್ಟು ದಿನ ಮಾತ್ರ ಆಳ್ವಿಕೆ. ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವುದನ್ನು ನಾಲ್ಕು ದಶಕಗಳಲ್ಲಿ ಜನ ನಿಧಾನವಾಗಿ ಕಲಿತಿದ್ದರು. ಭಾರತದ ಬೆನ್ನಿಗೆ ಶ್ರೀಲಂಕಾ 1948ರಲ್ಲಿ, ಘಾನಾ 1957ರಲ್ಲಿ ಸ್ವತಂತ್ರವಾದವು. ಮೈಸೂರಿನಲ್ಲಿ ಮಾತ್ರ ಆಗಸ್ಟ್ 15ರ ನಂತರವೂ 'ಮೈಸೂರು ಚಲೋ' ನಡೆಯಬೇಕಾಯಿತು. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದ ಮೇಲೆಯೇ ಅಲ್ಲಿ ಜನರ ಸರಕಾರ.

ಈಗ ಮಗಳ ಎರಡನೆಯ ಪ್ರಶ್ನೆ. ನಾವು ಇಲ್ಲಿಗೆ ಯಾಕೆ ಬಂದೆವು? ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರ ಜುಲೈ 5ರಂದು, ಈ ದೇಶದಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅದಕ್ಕೆ ವೈದ್ಯರು ಸಾಲಲಿಲ್ಲ. ನಮ್ಮ ವೈದ್ಯಕೀಯ ಕಾಲೇಜುಗಳ ಪಾಠಕ್ರಮ ಇಲ್ಲಿಯದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. 1975ರವರೆಗೆ ನಮ್ಮ ಪದವಿಗೆ ಇಲ್ಲಿ ನೇರ ಮನ್ನಣೆ ಇತ್ತು. ಆಮೇಲೆ ಬಂದ ನಮ್ಮಂಥವರು ಪರೀಕ್ಷೆ ಬರೆದು ಬಂದೆವು. ನಮ್ಮ ಹಿರಿಯರು ಇಲ್ಲಿನ ಮುದುಕರ ಮೂಳೆ ಕೂಡಿಸಿದರು, ಹೆರಿಗೆ ಮಾಡಿಸಿದರು, ರಾತ್ರಿಪಾಳಿ ಮಾಡಿದರು. ಅವರಲ್ಲೇ ಕೆಲವರು ಶನಿವಾರ ಸಂಜೆ ಬಾಡಿಗೆಯ ಹಾಲಿನಲ್ಲಿ ಚಿತ್ರಾನ್ನ ಹಂಚಿ ನಮ್ಮ ಈ ಸಂಘವನ್ನು ಕಟ್ಟಿದರು.

ಮಗಳಿಗೆ ನಾನು ಕೊನೆಗೆ ಹೇಳಿದ್ದಿಷ್ಟು. "ನಿನ್ನ ಮುತ್ತಜ್ಜಿಯ ಅಪ್ಪ ಇಂಗ್ಲಿಷರು ಕೆಟ್ಟವರು ಅಂತ ಜಗಳ ಆಡಲಿಲ್ಲ, ಮಗಳೇ. ತನ್ನ ಮನೆಯ ತೆರಿಗೆ ಎಷ್ಟು, ಅದು ಯಾತಕ್ಕೆ ಖರ್ಚಾಗಬೇಕು ಎಂದು ಹೇಳುವ ಹಕ್ಕು ತನಗೂ ಬೇಕು ಅಂದರು. ನಾನು ಈ ದೇಶಕ್ಕೆ ತೆರಿಗೆ ಕಟ್ಟುತ್ತೇನೆ, ಓಟನ್ನೂ ಹಾಕುತ್ತೇನೆ. ಅವರು ಕೇಳಿದ್ದು ಅದನ್ನೇ. ಅವರಿಗೆ ಸಿಗದ ಮಾತು ನನಗೆ ಸಿಕ್ಕಿರುವುದರಿಂದಲೇ ನಾನು ಇಲ್ಲಿ ಕೆಲಸದವಳಾಗಿ ಅಲ್ಲ, ಪ್ರಜೆಯಾಗಿ ಇದ್ದೇನೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಳೆಯ ಬಲಗಡೆ ಮೊದಲ ಸಾಲಿನಲ್ಲಿ "ಒಂದು ತಾಮ್ರದ ಹಂಡೆ" ಎಂದು ಇಂಗ್ಲಿಷಿನಲ್ಲಿ ಬರೆದಳು. ಆಮೇಲೆ ಹಂಡೆಗೆ ಇಂಗ್ಲಿಷಿನಲ್ಲಿ ಸರಿಯಾದ ಮಾತಿಲ್ಲವೆಂದು ಅದನ್ನು ಹೊಡೆದುಹಾಕಿ, ನನ್ನಿಂದ ಅಕ್ಷರ ಕೇಳಿಕೊಂಡು, ಕನ್ನಡದಲ್ಲೇ ಬರೆದಳು. ಹ-ಕ್ಕೆ ಸೊನ್ನೆ, ಡ-ಕ್ಕೆ ಏತ್ವ.

ನಮ್ಮ ಮನೆಗಳಲ್ಲಿ ಇಂಥ ಹಂಡೆಯ ಕಥೆಗಳು ಇನ್ನೆಷ್ಟಿವೆಯೋ. ಅವನ್ನು ಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಮುಂದಿನ ಬೇಸಿಗೆಗೆ ಊರಿಗೆ ಹೋದಾಗ ಮಕ್ಕಳನ್ನು ಅಜ್ಜ ಅಜ್ಜಿಯರ ಪಕ್ಕ ಕೂಡಿಸಿ, ಕೇಳಿಸಿ, ಬರೆಸಿಕೊಂಡು ಬನ್ನಿ ಎಂದು ಓದುಗ ಬಂಧುಗಳಲ್ಲಿ ವಿನಂತಿಸಿಕೊಳ್ಳುತ್ತೇನೆ. ನಮ್ಮ ಸಂಘದ ಮುಂದಿನ ಸ್ಮರಣ ಸಂಚಿಕೆ ಅಂಥ ಕಥೆಗಳಿಂದಲೇ ತುಂಬಿ ಬರಲಿ.